ಅತ್ತೆಯ ಎಡಗೈಯ ಅಳತೆ

ಎಂಟನೆಯ ರೊಟ್ಟಿ ಬಡಿದು ಹಂಚಿಗೆ ಹಾಕಿದ್ದೆ. ನಮಗೆ ಬೆಳಿಗ್ಗೆ ಹತ್ತು ರೊಟ್ಟಿ ಸಾಕು, ಇನ್ನೆರಡಾದರೆ ಮುಗಿಯಿತು ಅಂದುಕೊಳ್ಳುವಾಗ ಫೋನು ಬಂತು. ಎರಡೂ ಕೈಗೆ ಹಿಟ್ಟು. ಕಿರುಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಕಮಲಾಪುರದಿಂದ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ.

"ಅಕ್ಕಾ, ಅತ್ತಿ ಹೋದ್ರು" ಅಂದಳು.

ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ. ಇಂಥ ಮಾತು ಕೇಳಿದ ಮೇಲೂ ಕೈ ತನ್ನ ಪಾಡಿಗೆ ಹಾಗೆ ಮಾಡಿತು. ಆಮೇಲೆ ಗ್ಯಾಸ್ ಆರಿಸಿದೆ.

"ಪೂಜಿ ಮುಗಿಸಿದ್ರು. ಲಿಂಗ ಕೊಳ್ಳಾಗ ಕಟಗೊಂಡ್ರು. ಒಂದ್ ವಾಟಗ ಚಾ ಕೊಡು ಅಂದ್ರು. ನಾ ತರೂದ್ರಾಗ ಗ್ವಾಡಿಗಿ ಒರಗಿ ಕುಂತಲ್ಲೇ…" ಮೂಗು ಒರೆಸಿಕೊಂಡು ಮತ್ತೆ ಅಂದಳು, "ಇನ್ನೊಂದ್ ಮಾತು ಅಕ್ಕಾ. ಎಡಗೈ ಮುಷ್ಟಿ ಕಟ್ಯಾದ. ಬಿಚ್ಚಲಾಕ ಬರವಲ್ದು. ಬಾಜೂ ಓಣಿ ಅಯ್ಯನೋರು ಬಂದು ಕುಂತಾರ. ಅಂಗೈಯಾಗ ಲಿಂಗ ಇಡೂದು ಹ್ಯಾಂಗ ಅಂತ ಕೇಳ್ಲಾಕತ್ತಾರ. ನಮ್ಮನಿಯವ್ರು ಜಗ್ಗಿ ನೋಡಿದ್ರು. ಜಗ್ಗಿದಷ್ಟೂ ಬಿಗಿ ಆಗ್ತದ."

"ಯಾರೂ ಜಗ್ಗಬ್ಯಾಡ್ರಿ ಅಂತ ಹೇಳು ತಂಗಿ. ನಾ ಬರೂತನ ಆ ಕೈ ಮುಟ್ಟಬ್ಯಾಡ್ರಿ."

"ಲಗೂ ಬರ್ರಿ ಅಕ್ಕಾ. ಹೊತ್ತಾದ್ರ ಸೆಟಗೊಂಡು ಬಿಡ್ತದ ಅನ್ಲಾಕತ್ತಾರ ಎಲ್ಲಾರೂ."

ನಾದಿದ ಹಿಟ್ಟು ಪರಾತದಲ್ಲಿ ಹಾಗೇ ಉಳಿಯಿತು. ಕೈ ತೊಳೆದು, ಇದ್ದ ಸೀರೆಯಲ್ಲೇ ಹೊರಟೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿ ಕೂಡಿಸುತ್ತೇವೆ. ಕುಣಿಯಲ್ಲಿಯೂ ಕೂತೇ ಇರಬೇಕು. ಜೀವಂತ ಇದ್ದಾಗ ದಿನಾ ಯಾವ ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸಿದರೋ ಆ ಎಡ ಅಂಗೈಯಲ್ಲೇ ಲಿಂಗ ಇಟ್ಟು ಮಣ್ಣು ಕೊಡುತ್ತೇವೆ. ಅತ್ತೆಗೆ ಲಕ್ವಾ ಹೊಡೆದು ಎಡಭಾಗ ಬಿದ್ದಾಗಿನಿಂದ ಸಾವಿನ ಹೆದರಿಕೆ ಅವರಿಗೆ ಇರಲಿಲ್ಲ. ಇದ್ದ ಹೆದರಿಕೆ ಆ ಕೈಯದು. "ಖಾಲಿ ಕೈಲೆ ಕಳಿಸಬ್ಯಾಡ್ರಿ ನನ್ನ" ಅನ್ನುತ್ತಿದ್ದರು. ಇಲ್ಲರೀ ಅತ್ತಿ, ಕಳಿಸಲ್ಲ ಅಂತ ನಾನು ಮಾತು ಕೊಟ್ಟಿದ್ದೆ.

ನಮ್ಮ ಮನೆಯವರು ತಾವು ಕೆಲಸ ಮಾಡುವ ಅಂಗಡಿಯಿಂದ ನೇರ ಬಸ್ ನಿಲ್ದಾಣಕ್ಕೆ ಬಂದರು. ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ಕೂಡಲೇ ಸಿಕ್ಕಿತು, ಕೂಡಲು ಸೀಟೂ ಸಿಕ್ಕಿತು. ಇಂಥ ದಿನವೂ ಇಷ್ಟು ಕೊಟ್ಟೆಯಲ್ಲ ಶಿವನೇ ಅಂದುಕೊಂಡೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ನನ್ನ ತಲೆಯಲ್ಲಿ ಆ ಮುಷ್ಟಿ ಒಂದೇ ಇತ್ತು.

ಲಕ್ವಾ ಹೊಡೆದದ್ದು ಎರಡು ವರ್ಷದ ಹಿಂದೆ. ದವಾಖಾನೆಯಿಂದ ಬಿಡಿಸಿಕೊಂಡು ಬಂದು ಐದು ತಿಂಗಳು ಕಲಬುರಗಿಯ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಬಾಯಿ ಉಳಿಯಿತು, ಬಲಗೈ ಉಳಿಯಿತು. ಈ ಎರಡಕ್ಕೂ ನಾನು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ. ಆದರೆ ಎಡಗೈ ಒಣಗಿದ ಎಲೆಯ ಹಾಗೆ ಮುದುಡಿತು. ಲಿಂಗ ಇಡಲು ಬಲಗೈಯಿಂದ ಬೆರಳು ಬಿಡಿಸಿಕೊಂಡರೆ, ವಿಭೂತಿ ಹಚ್ಚುವುದರೊಳಗೆ ಮತ್ತೆ ಮುದುಡುತ್ತಿತ್ತು. ಒಂದು ಸೋಮವಾರ ಲಿಂಗ ಜಾರಿತು. ನೆಲಕ್ಕೆ ಬೀಳಲಿಲ್ಲ, ಮಡಿಲಿಗೆ ಬಿತ್ತು. ಆದರೂ ಅವತ್ತು ಅವರು ನೀರೂ ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ಲಿಂಗವನ್ನು ಕರಡಿಗೆಯಿಂದ ತೆಗೆಯುವುದನ್ನೇ ಬಿಟ್ಟರು. ಬೆಳ್ಳಿಯ ಆ ಡಬ್ಬಿಯನ್ನು ಹೊರಗಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು, ಅಷ್ಟೇ. ಪೂಜೆ ಆಗದೆ ಉಣ್ಣುವವರಲ್ಲ ಅವರು. ತಟ್ಟೆ ಮುಂದಿಟ್ಟರೆ ಅರ್ಧ ರೊಟ್ಟಿ ಮುರಿದು ಉಳಿದದ್ದನ್ನು ಸರಿಸುತ್ತಿದ್ದರು. "ಪೂಜಿನೇ ಆಗಿಲ್ಲ, ಹೊಟ್ಟಿ ಯಾಕ ಕೇಳ್ತದ" ಅನ್ನುವರು. ನನ್ನ ಕಣ್ಣ ಮುಂದೆಯೇ ಮೈ ಇಳಿಯುತ್ತ ಹೋಯಿತು.

ನಾನು ಏನಾದರೂ ಮಾಡಬೇಕು ಅಂದುಕೊಂಡೆ. ಮೊದಲು ಮಾಡಿದ್ದು ಹಿತ್ತಾಳೆಯ ಒಂದು ಸಣ್ಣ ಬಟ್ಟಲು. ಅದನ್ನು ಎತ್ತರದ ಮಣೆಯ ಮೇಲೆ ಕೂಡಿಸಿ, ಸುತ್ತ ರೇಷ್ಮೆ ಬಟ್ಟೆ ಹೊಲಿದು, ಅವರ ಕಣ್ಣಿಗೆ ಸರಿಯಾಗಿ ಬರುವಂತೆ ಇಟ್ಟೆ. ಲಿಂಗ ಬಟ್ಟಲಲ್ಲಿ ಇರುತ್ತದೆ, ಬಲಗೈಯಿಂದ ಪೂಜೆ ಮಾಡಿಕೊಳ್ಳಬಹುದು, ಬೀಳುವ ಹೆದರಿಕೆ ಇಲ್ಲ. ಎರಡು ದಿನ ಕೂತು ಹೊಲಿದಿದ್ದೆ. ನನಗೇ ಹೆಮ್ಮೆಯಾಗಿತ್ತು.

ಅತ್ತೆ ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು.

"ಬಿದ್ದದ್ದು ನನ್ನ ಕೈ" ಅಂದರು. "ಲಿಂಗಕ್ಕ ಏನೂ ಆಗಿಲ್ಲ. ಅದಕ್ಯಾಕ ಕೋಲು ಕೊಟ್ಟೀದಿ?"

ನನಗೆ ಸಿಟ್ಟು ಬಂತು. ಒಳಗೆ ಹೋಗಿ ಪಾತ್ರೆಗಳನ್ನು ಸಪ್ಪಳ ಮಾಡಿ ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ಆ ಮಾತು ಒಳಗೆ ಇಳಿಯಿತು. ನಾನು ಅವರ ಕಷ್ಟವನ್ನು ನೋಡಿರಲಿಲ್ಲ. ಲಿಂಗ ಬಿದ್ದೀತು ಅನ್ನುವ ನನ್ನ ಹೆದರಿಕೆಗೆ ಒಂದು ಬಟ್ಟಲು ಮಾಡಿಕೊಂಡಿದ್ದೆ. ಅವರಿಗೆ ಬೇಕಾದದ್ದು ಲಿಂಗದ ತಂಪು ಅಂಗೈಗೆ ತಾಗುವುದು.

ಎರಡನೆಯ ಸಲ ಚಪಾತಿ ಲಟ್ಟಿಸುವ ಮಣೆಯ ಮೇಲೆ ಅರಿವೆ ಸುತ್ತಿ, ಕೈಯನ್ನು ಅದರ ಮೇಲೆ ಅಂಗಾತ ಇಟ್ಟು ಪಟ್ಟಿ ಕಟ್ಟಿದೆ. ಬೆರಳು ಪಟ್ಟಿಯೊಳಗೇ ಕೊಸರಾಡಿ ಬಿಗಿಯಾದವು.

"ಪೊಲೀಸರು ಕಳ್ಳಗ ಕಟ್ಟಿದಂಗ ಆತು ನೋಡು" ಅಂದರು ಅತ್ತೆ. "ನಾ ಏನ್ ಕದ್ದೀನಿ ಹೇಳು, ಒಪ್ಗೊತೀನಿ."

ಇಬ್ಬರೂ ನಕ್ಕೆವು. ನಕ್ಕಾದ ಮೇಲೆ ಅವರು ಪಟ್ಟಿಯ ಮೇಲೆ ಬಲಗೈ ಇಟ್ಟುಕೊಂಡು ಗೋಡೆ ನೋಡುತ್ತ ಕೂತರು. ನಾನು ಪಟ್ಟಿ ಬಿಚ್ಚಿದೆ.

ದಾರಿ ಸಿಕ್ಕಿದ್ದು ನಾನು ಹುಡುಕದೆ ಇದ್ದಾಗ. ಮಧ್ಯಾಹ್ನ ಅತ್ತೆ ಮಲಗಿದ್ದರು. ಮಂಚದ ಅಂಚಿನಿಂದ ಎಡಗೈ ಕೆಳಗೆ ಇಳಿಬಿದ್ದಿತ್ತು. ಕಸ ಗುಡಿಸುತ್ತ ಬಂದವಳು ನಿಂತೆ. ಮಣಿಕಟ್ಟು ಬಾಗಿ ಜೋತುಬಿದ್ದಿತ್ತು, ಬೆರಳು ತಾವಾಗಿಯೇ ಬಿಚ್ಚಿದ್ದವು. ಕಸಬರಿಗೆ ಕೆಳಗಿಟ್ಟು ಮೆಲ್ಲಗೆ ಕೈಯನ್ನು ಎತ್ತಿ ಮಣಿಕಟ್ಟು ನೇರ ಮಾಡಿದೆ. ಬೆರಳು ಮುಚ್ಚಿದವು. ಮತ್ತೆ ಬಾಗಿಸಿದೆ. ಬಿಚ್ಚಿದವು. ನಾವೆಲ್ಲ ಇಷ್ಟು ದಿನ ಬೆರಳಿನ ಜೊತೆ ಜಗಳ ಆಡಿದ್ದೆವು, ಬೀಗ ಇದ್ದದ್ದು ಮಣಿಕಟ್ಟಿನಲ್ಲಿ.

ಅಷ್ಟರಲ್ಲಿ ಅತ್ತೆ ಕಮಲಾಪುರಕ್ಕೆ ಹೋಗಬೇಕು ಅಂತ ಹಟ ಹಿಡಿದರು. ತಮ್ಮ ಪಡಸಾಲೆ, ತಮ್ಮ ದೇವರ ಜಗಲಿ, ತಾವು ನಾಲ್ಕು ಗಡ್ಡೆ ಹಚ್ಚಿ ಬೆಳೆಸಿದ ಹಿತ್ತಲಿನ ಕೆಂಪು ಬಾಳೆ, ಎಲ್ಲ ಅಲ್ಲಿತ್ತು. ಮೈದುನ ಬಂದು ಕರೆದುಕೊಂಡು ಹೋದ. ಅವರು ಹೋಗುವ ಮುಂಚೆ ನಾನು ಒಂದು ಕಾಗದದ ಮೇಲೆ ಅವರ ಕೈ ಇಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಂಡೆ. ಮಣಿಕಟ್ಟು ಬಾಗಿಯೇ ಇರುವಂತೆ ಕೈಗೆ ಒಂದು ಕಟ್ಟಿಗೆಯ ಆಸರೆ ಮಾಡಿಸಲು, ಆ ಕಾಗದ ಹಿಡಿದು ನಮ್ಮೂರಿನದೇ ಮೋಮಿನಪುರ ಓಣಿಗೆ ಹೋದೆ.

ಅಲ್ಲಿ ಒಬ್ಬ ವಯಸ್ಸಾದ ಬಡಗಿ ಇದ್ದಾರೆ. ನಮ್ಮ ಮಂಚಕ್ಕೆ ಕಾಲು ಹಾಕಿಕೊಟ್ಟವರು. ಕಾಗದ ನೋಡಿ ಕನ್ನಡಕ ಹಣೆಗೆ ಏರಿಸಿದರು.

"ಇದರಾಗ ಕೈ ಚಪಾತಿ ಆಗ್ಯಾದ ಅಕ್ಕಾ. ಕೈಗಿ ತಗ್ಗು ಇರ್ತದ, ದಿಣ್ಣಿ ಇರ್ತದ. ಕಾಗದದಾಗ ಅದೆಲ್ಲಾ ಎಲ್ಲಿ ಬರ್ತದ? ಕೈ ತಗೊಂಡು ಬರ್ರಿ."

"ಕೈ ಕಮಲಾಪುರದಾಗ ಅದರೀ. ಬಸ್ ಹತ್ತಲಾಕ ಆಗಲ್ಲ ಅವರಿಗಿ."

"ಹಂಗಾದ್ರ ಅದರದು ಠಸಾ ತರ್ರಿ" ಅಂದರು. ಅಚ್ಚು ಅನ್ನುವುದಕ್ಕೆ ಅವರ ಮಾತು ಅದು. ನಾನು, ಡಿಸೈನ್ ಏನೂ ಬೇಡ, ಗಟ್ಟಿ ಇದ್ದರೆ ಸಾಕು ಅಂದೆ. ಡಿಸೈನ್ ಅಂದರೆ ನನಗೆ ಸೀರೆಯ ಅಂಚು, ಕೈಗೆ ಹಾಕುವ ಮೆಹಂದಿ, ಬಾಗಿಲ ಮುಂದಿನ ರಂಗೋಲಿ. ಅವರು ಪಕ್ಕದಲ್ಲಿ ರಿಪೇರಿಗೆ ಬಂದಿದ್ದ ಒಂದು ಕುರ್ಚಿಗೆ ಬೆರಳು ಮಾಡಿದರು. ಬೆನ್ನಿಗೆ ದ್ರಾಕ್ಷಿ ಬಳ್ಳಿ ಕೆತ್ತಿದ ಚೆಂದದ ಕುರ್ಚಿ.

"ಹೂವು ಬಳ್ಳಿ ಡಿಸೈನ್ ಅಲ್ಲ ಅಕ್ಕಾ. ಈ ಕುರ್ಚಿ ನೋಡ್ರಿ, ಒರಗಿದ್ರ ದ್ರಾಕ್ಷಿ ಚುಚ್ತಾವ. ಕುಂತ ಮನಷಾಗ ಕುಂತೀನಿ ಅನ್ನೂದೇ ನೆನಪಾಗಬಾರ್ದು. ಅದು ಡಿಸೈನ್."

ಅಚ್ಚು ತೆಗೆಯಲು ನನಗೆ ಗೊತ್ತಿದ್ದದ್ದು ಒಂದೇ ಸಾಮಾನು, ಜೋಳದ ಹಿಟ್ಟು. ಕಮಲಾಪುರಕ್ಕೆ ಹೋಗಿ, ಎಸರು ಹೊಯ್ದು ಹದವಾಗಿ ನಾದಿ, ದಪ್ಪನೆ ಮುದ್ದೆ ಮಾಡಿ, ಮೊಳಕೈ ಕಡೆ ಎತ್ತರ, ಮಣಿಕಟ್ಟಿನ ಹತ್ತಿರ ತಗ್ಗು, ಅಂಗೈ ಇರುವಲ್ಲಿ ಸಮ ಮಾಡಿದೆ. ಅದರಲ್ಲಿ ಅತ್ತೆಯ ತೋಳು ಇಟ್ಟು ಒತ್ತಿದೆ. ಬಿಸಿಗೆ ಹಿತ ಅನ್ನಿಸಿರಬೇಕು, ಕಣ್ಣು ಮುಚ್ಚಿ ಕೂತಿದ್ದರು.

"ಹುಟ್ಟಿದಾಗಿಂದ ರೊಟ್ಟಿ ಬಡದೀನಿ" ಅಂದರು. "ಈಗ ನನ್ನ ಕೈನೇ ರೊಟ್ಟಿ ಮಾಡ್ತಿ ಏನು?"

"ಸುಮ್ಮ ಕುಂದರ್ರಿ ಅತ್ತಿ, ಬೇಯಸಲ್ಲ."

ಆ ಅಚ್ಚನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದೆ. ಮೋಮಿನಪುರದಲ್ಲಿ ಮುಚ್ಚಳ ತೆಗೆದರೆ ತುಂಬ ಬಿರುಕು. ಮಣಿಕಟ್ಟಿನ ಹತ್ತಿರ ಎರಡು ಹೋಳಾಗಿತ್ತು.

"ಇದು ಕೈಯೋ ನಕ್ಷೆಯೋ?" ಅಂದರು ಬಡಗಿ. "ನದಿ ಎಲ್ಲಾ ಕಾಣ್ಲಾಕತ್ತಾವ."

ದಿನಾ ನಾದಿದ ಹಿಟ್ಟಿನ ಮೇಲೆ ಹಸಿ ಬಟ್ಟೆ ಹೊದಿಸುವವಳು ನಾನು. ಅವತ್ತು ಅದು ಹಿಟ್ಟು ಅನ್ನುವುದೇ ಮರೆತಿತ್ತು, ಅತ್ತೆಯ ಕೈ ಅಂತ ಮಾತ್ರ ತಲೆಯಲ್ಲಿತ್ತು. ಮರುವಾರ ಮತ್ತೆ ಹೋದೆ. ಮತ್ತೆ ನಾದಿದೆ, ಮತ್ತೆ ಒತ್ತಿದೆ. ಈ ಸಲ ಹಸಿ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು, ನಡುವೆ ಎರಡು ಸಲ ಬಾಟಲಿಯ ನೀರು ಚಿಮುಕಿಸಿ ತಂದೆ.

ಬಡಗಿ ಅದಕ್ಕೆ ಬೇವಿನ ಕಟ್ಟಿಗೆ ಆರಿಸಿದರು. ಎಂಟು ದಿನ ತೆಗೆದುಕೊಂಡರು. ನುಣ್ಣಗೆ ಉಜ್ಜಿದ್ದರು, ಹೆಬ್ಬೆರಳು ಕೂರುವಲ್ಲಿ ಒಂದು ತಗ್ಗು ಬಿಟ್ಟಿದ್ದರು. ನಾನು ಕೇಳಿರಲಿಲ್ಲ, ಅಚ್ಚಿನಲ್ಲಿ ನೋಡಿ ಅವರೇ ತಿಳಿದುಕೊಂಡಿದ್ದರು. ಯಾತಕ್ಕೆ ಅಂತ ಹೇಳಿದ್ದೆನಲ್ಲ, ಕೊಡುವಾಗ ನಳದ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದು, ಒಗೆದ ಟವೆಲಿನಲ್ಲಿ ಸುತ್ತಿ ಕೊಟ್ಟರು.

"ಈ ನಮೂನಿ ಒಂದೇ ಕೈಗಿ ನೋಡ್ರಿ" ಅಂದರು. "ಬ್ಯಾರೆ ಯಾರಿಗೂ ಬರಲ್ಲ."

ಕಮಲಾಪುರದ ಪಡಸಾಲೆಯಲ್ಲಿ ಅತ್ತೆ ಮೈ ತೊಳೆದು ಕೂತರು. ನಾನು ತೋಳನ್ನು ಕಟ್ಟಿಗೆಯ ತಗ್ಗಿನಲ್ಲಿ ಇಟ್ಟೆ. ಮಣಿಕಟ್ಟು ಬಾಗಿತು, ಬೆರಳು ಮೆಲ್ಲಗೆ ಬಿಚ್ಚಿ ಹಾಗೇ ನಿಂತವು. ಅತ್ತೆ ಬಲಗೈಯಿಂದ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ನೀರು ಹಾಕಿದರು, ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು. ಆಮೇಲೆ ನೋಡುತ್ತ ಕೂತರು. ಎಷ್ಟೋ ಹೊತ್ತು. ಅವತ್ತು ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ಉಂಡರು, ಮೂರನೆಯದನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ನನ್ನ ಬದುಕಿನಲ್ಲಿ ಅಷ್ಟು ರುಚಿಯಾದ ರೊಟ್ಟಿ ಉಂಡದ್ದು ನೆನಪಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆ ನಡೆಯಿತು. ಸಾಯುವುದಕ್ಕೆ ಹನ್ನೆರಡು ದಿನ ಮುಂಚೆ ಅವರೇ ಫೋನ್ ಮಾಡಿಸಿದ್ದರು.

"ಕೈ ಬಡವಾಗ್ಯಾದ ಯವ್ವಾ. ಕಟಗಿಯಾಗ ಅಲಗಾಡ್ಲಾಕತ್ಯಾದ. ಬಂದು ನೋಡು ಒಮ್ಮಿ."

"ಅಮಾಸಿ ಆಗ್ಲಿ, ಬರ್ತೀನ್ರಿ ಅತ್ತಿ" ಅಂದೆ. ಬೇಸಿಗೆ. ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದೆ. ನಾಲ್ಕು ದಿನದ ಬಿಸಿಲು ಬೇಕು ಅಂತ ಇತ್ತು. ಸಂಡಿಗೆ ಆದ ಮೇಲೆ ಹಪ್ಪಳ ಬಂತು, ಹಪ್ಪಳದ ಮೇಲೆ ಖಾರ ಕುಟ್ಟಿಸುವುದು ಬಂತು. ಅಮಾವಾಸ್ಯೆ ಹೋಗಿ ಐದು ದಿನವಾಗಿತ್ತು. ನಾನು ಹೋಗಿರಲಿಲ್ಲ. ಬಸ್ಸಿನಲ್ಲಿ ಕೂತು ನಾನು ಎಣಿಸಿದ್ದು ಇದನ್ನೇ.

ಮನೆ ಮುಟ್ಟಿದಾಗ ಓಣಿಯವರು ಬಾಗಿಲಲ್ಲಿ ಕೂಡಿದ್ದರು. ದಾರಿ ಬಿಟ್ಟರು. ಅತ್ತೆಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಯ ತುಂಬ ವಿಭೂತಿ. ಎಡಗೈ ಮಡಿಲಲ್ಲಿ ಮುಷ್ಟಿಯಾಗಿ ಬಿದ್ದಿತ್ತು. ಗೆಣ್ಣುಗಳ ಮೇಲೆ ಕೆಂಪು ಗುರುತು, ಜಗ್ಗಿದ್ದು. ನಮ್ಮ ಮನೆಯವರು ತಾಯಿಯ ಪಾದದ ಹತ್ತಿರ ಕುಸಿದು ಕೂತರು. ಮೈದುನ ಒಂದು ಮೂಲೆಯಲ್ಲಿ ನಿಂತಿದ್ದ. "ನಾ ಜೋರಾಗಿ ಜಗ್ಗಿಲ್ಲ ವೈನಿ" ಅಂದ, ಯಾರೂ ಕೇಳದೆಯೇ.

ಅಯ್ಯನವರು ನನ್ನನ್ನು ನೋಡಿದರು. "ನಿನಗ ಬರ್ತದಂತಲ್ಲವ್ವಾ" ಅಂದರು.

ಕೂತೆ. ಕೈ ಇನ್ನೂ ಪೂರ್ತಿ ಸೆಟೆದಿರಲಿಲ್ಲ. ಬೆರಳಿಗೆ ಹೋಗಲಿಲ್ಲ. ಒಂದು ಕೈಯಿಂದ ಮೊಳಕೈ ಎತ್ತಿ ಹಿಡಿದು, ಇನ್ನೊಂದರಿಂದ ಮಣಿಕಟ್ಟನ್ನು ಮೆಲ್ಲಗೆ ಬಾಗಿಸುತ್ತ ಹೋದೆ. ಮುಂಚೆ ಒಳಗಿನ ಬಿಸಿ ಇರುತ್ತಿತ್ತು, ಅವತ್ತು ಇರಲಿಲ್ಲ, ಅಷ್ಟೇ ಬೇರೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಹಿಂದಿನಿಂದ ಯಾರೋ, "ಎಣ್ಣಿ ಹಚ್ಚಿ ತಿಕ್ಕಬೇಕಾಗಿತ್ತು" ಅಂದರು. ಅಯ್ಯನವರು ಕೈ ಮಾಡಿ ಸುಮ್ಮನಾಗಿಸಿದರು. ಇನ್ನೂ ಬಾಗಿಸಿದೆ. ಮೊದಲು ಕಿರುಬೆರಳು ಸಡಿಲವಾಯಿತು, ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಕೊನೆಗೆ ಬಿಟ್ಟಿತು. ಅಂಗೈ ತೆರೆಯಿತು. ಒಳಗೆ ಬೆಳಗಿನ ಪೂಜೆಯ ವಿಭೂತಿ ಇನ್ನೂ ಹಾಗೇ ಇತ್ತು.

ನಾನು ಹಿಡಿದುಕೊಂಡೇ ಇದ್ದೆ, ಅಯ್ಯನವರು ಲಿಂಗ ಇಟ್ಟು ಬಿಳಿ ಅರಿವೆಯಿಂದ ಸುತ್ತಿದರು. ಖಾಲಿ ಕೈಯಲ್ಲಿ ಕಳಿಸಲಿಲ್ಲ. ಇಷ್ಟಾದರೂ ನಡೆಸಿಕೊಟ್ಟೆಯಲ್ಲ ತಂದೆ ಅಂದುಕೊಂಡೆ, ಅಂದುಕೊಂಡ ಮೇಲೆ ಅಳು ಬಂತು.

ಮಣ್ಣು ಮುಗಿಸಿ ಬಂದ ಮೇಲೆ ಜಗಲಿಯ ಹತ್ತಿರ ಆ ಬೇವಿನ ಕಟ್ಟಿಗೆ ಕಂಡಿತು. ಹೆಬ್ಬೆರಳಿನ ತಗ್ಗಿನಲ್ಲಿ ಹಳೆಯ ಸೀರೆಯ ತುಂಡೊಂದು ಸುರುಳಿ ಸುತ್ತಿ ತುರುಕಿತ್ತು. ಇದನ್ನು ಯಾರು ಇಟ್ಟದ್ದು ಅಂತ ನೆಗೆಣ್ಣಿಯನ್ನು ಕೇಳಿದೆ.

"ಅತ್ತಿನೇ" ಅಂದಳು. "ಒಂದ್ ಕೈ, ಹಲ್ಲು, ಅಷ್ಟರಾಗೇ ಹರದ್ರು. ನಾ ಹರದು ಕೊಡ್ತೀನಿ ಅಂದ್ರೂ ಕೊಡ್ಲಿಲ್ಲ. ಅದು ಇಟ್ಟ ಮ್ಯಾಲ ಅಲಗಾಡಲಿಲ್ಲ ನೋಡ್ರಿ. ಅಕ್ಕಗ ಇನ್ನೊಮ್ಮಿ ಫೋನ್ ಹಚ್ಚಲೇನು ಅಂದೆ. ಬ್ಯಾಡ ಬಿಡು, ಅಕಿ ಸಂಡಗಿ ಹಾಕ್ಯಾಳ, ಇಂಥಾ ಬಿಸಲು ಮತ್ತ ಸಿಗಲ್ಲ ಅಂದ್ರು."

ನಾನು ಆ ಸುರುಳಿಯನ್ನು ತೆಗೆದು ನೋಡಿದೆ. ಮೂರು ಮಡಿಕೆ, ಒಂದು ತುದಿ ದಪ್ಪ, ಒಂದು ತುದಿ ತೆಳು. ಎಲ್ಲಿ ಎಷ್ಟು ಬೇಕೋ ಅಷ್ಟೇ. ನಾನು ಬಂದಿದ್ದರೂ ಇದಕ್ಕಿಂತ ಚೆನ್ನಾಗಿ ಮಾಡುತ್ತಿರಲಿಲ್ಲ. ಆದರೆ ಬರಬೇಕಿತ್ತು.

ಕಟ್ಟಿಗೆ ನೀವೇ ಒಯ್ಯಿರಿ ಅಂತ ನೆಗೆಣ್ಣಿ ಬಡಗಿ ಕೊಟ್ಟಿದ್ದ ಟವೆಲಿನಲ್ಲೇ ಸುತ್ತಿ ಚೀಲದಲ್ಲಿ ಹಾಕಿ ಕೊಟ್ಟಳು. ನಮ್ಮ ಮನೆಯವರು ಇನ್ನೆರಡು ದಿನ ಅಲ್ಲೇ ಉಳಿದರು. ನಾನು ನಾಲ್ಕನೆಯ ದಿನ ಬೆಳಿಗ್ಗೆ ಕಲಬುರಗಿಗೆ ಬಂದೆ. ಬಾಗಿಲು ತೆಗೆದು, ಚೀಲ ಇಳಿಸಿ, ದೇವರ ಮುಂದೆ ಕೂತೆ. ಕಟ್ಟಿಗೆಯನ್ನು ತೆಗೆದು ನನ್ನ ಎಡಗೈಯನ್ನು ಅದರಲ್ಲಿ ಇಟ್ಟು ನೋಡಿದೆ. ಮಣಿಕಟ್ಟಿಗೆ ಒತ್ತಿತು, ಹೆಬ್ಬೆರಳು ತಗ್ಗಿಗೆ ಸಿಗಲಿಲ್ಲ, ಅಂಗೈ ವಾರೆಯಾಯಿತು. ಬಡಗಿ ಹೇಳಿದ್ದು ಖರೆ. ಅದಕ್ಕೆ ಬೇಕಾದ ಕೈ ಇನ್ನು ಎಲ್ಲಿಯೂ ಇಲ್ಲ. ಸೀರೆಯ ಸುರುಳಿಯನ್ನು ಅದರ ಜಾಗದಲ್ಲೇ ಇಟ್ಟು, ಅದೇ ಟವೆಲಿನಲ್ಲಿ ಸುತ್ತಿ, ದೇವರ ಜಗಲಿಯ ಕೆಳಗಿನ ಖಾನೆಯಲ್ಲಿ ಇಟ್ಟೆ.

ಅಡುಗೆಮನೆಯಲ್ಲಿ ಪರಾತ ಹಾಗೇ ಇತ್ತು. ಉಳಿದ ಎರಡು ರೊಟ್ಟಿಯ ಹಿಟ್ಟು ಒಣಗಿ, ಮೈತುಂಬ ಬಿರುಕು ಬಿಟ್ಟಿತ್ತು. ಹೋಗುವಾಗ ಹಸಿ ಬಟ್ಟೆ ಹೊದಿಸಿರಲಿಲ್ಲ. ಅದನ್ನು ಉಗುರಿನಿಂದ ಕೆರೆದು ತೆಗೆದೆ, ಪರಾತ ತಿಕ್ಕಿ ತೊಳೆದು ಒರೆಸಿದೆ. ಬುಟ್ಟಿಯಿಂದ ಹೊಸದಾಗಿ ಎರಡು ಹಿಡಿ ಹಿಟ್ಟು ಹಾಕಿ, ಒಲೆಯ ಮೇಲೆ ಎಸರಿಟ್ಟೆ.